ಲೋಪವೂ ನಾಶವೂ: ಎಐ ಏಜೆಂಟಿನ ಕೈಯಲ್ಲಿ ಅಳಿಸುವ ಅಧಿಕಾರ — ಒಂದು ವಿಮರ್ಶೆ

೧

ಸ್ವರದ ಮುಂದೆ ಸ್ವರ ಬಂದಾಗ ಹಿಂದಿನ ಸ್ವರವು ಲೋಪವಾಗುತ್ತದೆಂದು ಹೇಳುವ ನಮ್ಮ ಶಾಲಾ ವ್ಯಾಕರಣಗಳು ಆ ಮಾತಿಗೆ ಒಂದು ಕಟ್ಟನ್ನೂ ಸೇರಿಸುತ್ತವೆ. ಅರ್ಥವು ಕೆಡದಿದ್ದರೆ ಮಾತ್ರ ಲೋಪ. ಕೆಡುವಂತಿದ್ದರೆ ಯಕಾರವೋ ವಕಾರವೋ ಆಗಮವಾಗಿ ಬಂದು ಎರಡು ಸ್ವರಗಳನ್ನೂ ಕಾಪಾಡುತ್ತದೆ. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಬಂದರೆ ‘ಊರಲ್ಲಿ’ ಆಗಬಹುದು. ‘ಮನೆ’ ಎಂಬುದರ ಮುಂದೆ ‘ಅನ್ನು’ ಬಂದರೆ ‘ಮನನ್ನು’ ಆಗಕೂಡದು, ‘ಮನೆಯನ್ನು’ ಎಂದೇ ಆಗಬೇಕು. ಒಂದು ಅಕ್ಷರವನ್ನು ಬಿಡುವುದಕ್ಕೆ ಕೂಡ ಬಿಟ್ಟ ಮೇಲೆ ಉಳಿಯುವುದನ್ನು ನೋಡಿಯೇ ಅಪ್ಪಣೆ ಕೊಡಬೇಕೆಂಬುದು ಇಲ್ಲಿಯ ತತ್ತ್ವ. ಪಾಣಿನಿಯು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿರುವನು. ಆತನ ಮತದಲ್ಲಿ ಲೋಪವೆಂದರೆ ಕಾಣದಿರುವಿಕೆ, ನಾಶವಲ್ಲ. ಪ್ರತ್ಯಯವು ಲೋಪವಾದ ಮೇಲೂ ಅದರಿಂದಾಗಬೇಕಾದ ಕಾರ್ಯವು ನಡೆಯುತ್ತದೆಂದು ಆತನ ಶಾಸ್ತ್ರವು ಒಪ್ಪುತ್ತದೆ.

ಪ್ರಕೃತ ಲೇಖನದ ವಿಷಯವು ವ್ಯಾಕರಣವಲ್ಲ. ಆದರೆ ಲೋಪ ಮತ್ತು ನಾಶ ಇವೆರಡರ ನಡುವಣ ಭೇದವನ್ನು ಮರೆತಲ್ಲಿ ಎಂಥ ಅನರ್ಥವಾಗಬಲ್ಲದೆಂಬುದಕ್ಕೆ ಇಂದು ಹೊಸದೊಂದು ಕ್ಷೇತ್ರವು ಉದಾಹರಣೆಯಾಗಿ ಒದಗಿದೆ. ದೂರದ ಸರ್ವರುಗಳಲ್ಲಿ ನೆಲೆಗೊಳಿಸಿ ಜನರ ಬಳಕೆಗೆ ತೆರೆದಿಟ್ಟ ಅಪ್ಲಿಕೇಶನ್ನುಗಳನ್ನು ಕಟ್ಟುವುದು, ನಡೆಸುವುದು, ಬೇಡವಾದಾಗ ಅಳಿಸುವುದು, ಇವು ಈವರೆಗೆ ಎಂಜಿನಿಯರರ ಕೈಕೆಲಸವಾಗಿದ್ದವು. ಈಗ ಈ ಕೆಲಸಗಳನ್ನು ಎಐ ಏಜೆಂಟಿಗೆ ವಹಿಸುವ ರೂಢಿ ಬೆಳೆಯುತ್ತಿದೆ. ಏಜೆಂಟೆಂದರೆ ಮನುಷ್ಯಭಾಷೆಯಲ್ಲಿ ಹೇಳಿದ ಅಪೇಕ್ಷೆಯನ್ನು ಓದಿ, ತನಗೆ ಕೊಟ್ಟ ಉಪಕರಣಗಳಲ್ಲಿ ತಕ್ಕುದನ್ನು ತಾನೇ ಆರಿಸಿ, ಒಂದರ ಮೇಲೊಂದಾಗಿ ಕ್ರಿಯೆಗಳನ್ನು ನಡೆಸುವ ಪ್ರೋಗ್ರಾಮು. ೨೦೨೪ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಒಡಂಬಡಿಕೆಯು ಇಂಥ ಉಪಕರಣಗಳನ್ನು ಏಜೆಂಟಿಗೆ ಜೋಡಿಸುವ ರೀತಿಯನ್ನು ಏಕರೂಪಕ್ಕೆ ತಂದಿತು. ಅಪ್ಲಿಕೇಶನ್ನನ್ನು ಪಟ್ಟಿ ಮಾಡುವ ಉಪಕರಣ, ಹೊಸದನ್ನು ಹೂಡುವ ಉಪಕರಣ, ಅವುಗಳ ಸಾಲಿನಲ್ಲಿಯೇ ಅಳಿಸುವ ಉಪಕರಣ. ಮೂರಕ್ಕೂ ಕರೆಯುವ ಕ್ರಮ ಒಂದೇ. ಪರಿಣಾಮ ಮಾತ್ರ ಒಂದಲ್ಲ.

ಈ ಅಳಿಸುವ ಉಪಕರಣವನ್ನು ಸುರಕ್ಷಿತಗೊಳಿಸಲು ಇಂದು ಕೈಕೊಂಡಿರುವ ಉಪಾಯಗಳು ಎಷ್ಟರ ಮಟ್ಟಿಗೆ ಸಮರ್ಪಕವಾಗಿವೆ, ಎಲ್ಲಿ ಕೇವಲ ಆಚಾರವಾಗಿ ನಿಂತಿವೆ, ನಮ್ಮ ಗ್ರಂಥಸಂಪಾದನಶಾಸ್ತ್ರವೂ ಭೂಕಂದಾಯದ ಕಾಗದಪತ್ರಗಳ ಸಂಪ್ರದಾಯವೂ ಈ ವಿಷಯದಲ್ಲಿ ಏನನ್ನು ಕಲಿಸಬಲ್ಲವು, ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

೨

ಮೊದಲು ಈ ಪ್ರಶ್ನೆ ಯಾರದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಅದು ಬೆಂಗಳೂರಿನ ಎಂಜಿನಿಯರರದು ಮಾತ್ರವೆಂದು ತಿಳಿಯುವುದು ತಪ್ಪು. ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯನ್ನೇ ತೆಗೆದುಕೊಳ್ಳೋಣ. ಅದು ಹೋಬಳಿಯ ಊರು. ಸುತ್ತಲೂ ಎರೆಯ ಹೊಲ. ಹತ್ತಿಗೂ ಮೆಣಸಿನಕಾಯಿಗೂ ಕಡಲೆಗೂ ಸಾಲ ಎತ್ತುವ ಒಕ್ಕಲಿಗನು ಸೊಸಾಯಿಟಿಗೆ ಹೋಗಲಿ ಬ್ಯಾಂಕಿಗೆ ಹೋಗಲಿ, ಮೊದಲು ಕೇಳುವುದು ಉತಾರವನ್ನು. ಪೀಕಿನ ವಿಮೆಗೂ ಉತಾರ ಬೇಕು, ಹೊಲವನ್ನು ಮಾರುವುದಕ್ಕೂ ಉತಾರ ಬೇಕು, ಅಣ್ಣತಮ್ಮಂದಿರು ಪಾಲಾಗುವುದಕ್ಕೂ ಉತಾರ ಬೇಕು. ಹಿಂದೆ ಈ ಉತಾರವನ್ನು ಕುಲಕರ್ಣಿಯೂ ಆಮೇಲೆ ತಲಾಟಿಯೂ ಕೈಯಿಂದ ಬರೆದು ಕೊಡುತ್ತಿದ್ದರು. ೨೦೦೦ದ ಆಸುಪಾಸಿನಲ್ಲಿ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯನ್ನು ಹಮ್ಮಿಕೊಂಡು ಸುಮಾರು ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಕೈಬರೆಹದ ಉತಾರಕ್ಕೆ ಮಾನ್ಯತೆ ಇಲ್ಲವಾಯಿತು. ಈಗ ಉತಾರವು ಹುಟ್ಟುವುದು ಸರ್ವರಿನಲ್ಲಿ. ನಾಡಕಚೇರಿಯ ಪಾಳಿಯಲ್ಲಿ ನಿಂತವರಿಗೆ ‘ಸರ್ವರ್ ಇಲ್ಲ’ ಎಂಬ ಎರಡು ಶಬ್ದಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಭೂಮಿಯ ದಾಖಲೆಗಳ ಮೇಲೆ ಎಐ ಏಜೆಂಟನ್ನು ಬಿಟ್ಟಿದ್ದಾರೆಂದು ಇಲ್ಲಿ ಹೇಳುತ್ತಿಲ್ಲ. ಸರ್ವರಿನಲ್ಲಿ ನೆಲೆಗೊಂಡ ಅಪ್ಲಿಕೇಶನ್ನೊಂದು ಒಂದು ಊರಿನ ಬಾಳುವೆಗೆ ಎಷ್ಟು ಹತ್ತಿರದ್ದೆಂಬುದನ್ನು ತೋರಿಸುವುದಷ್ಟೇ ಉದ್ದೇಶ. ಶಾಲೆಯ ಹಾಜರಿ, ಸಂಘದ ಲೆಕ್ಕ, ಕಾಲೇಜಿನ ಪರೀಕ್ಷೆಯ ಫಲಿತಾಂಶ, ಗ್ರಂಥಾಲಯದ ಸೂಚಿ, ಇಂಥ ಸಣ್ಣಪುಟ್ಟ ಅಪ್ಲಿಕೇಶನ್ನುಗಳು ಬಾಡಿಗೆಯ ಸರ್ವರುಗಳಲ್ಲಿ ನಡೆಯುತ್ತವೆ. ಇವುಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಎಂಜಿನಿಯರನನ್ನು ಇಡುವ ಶಕ್ತಿ ಎಲ್ಲ ಸಂಸ್ಥೆಗಳಿಗಿರುವುದಿಲ್ಲ. ಏಜೆಂಟಿನ ಆಕರ್ಷಣೆ ಹೆಚ್ಚುವುದು ಇಲ್ಲಿಯೇ. ಬೇಡವಾದವುಗಳನ್ನು ತೆಗೆದುಬಿಡೆಂದು ಅದಕ್ಕೆ ಒಂದು ಸಾಲಿನಲ್ಲಿ ಹೇಳಿದರೆ ಸಾಕಾಗುತ್ತದೆ. ಅಳಿಸುವವನು ಒಬ್ಬ, ಅಳಿಸೆಂದು ಹೇಳುವವನು ಇನ್ನೊಬ್ಬ, ಅಳಿದುದರಿಂದ ನಷ್ಟಪಡುವವನು ಮೂರನೆಯವನು. ಈ ಮೂವರೂ ಒಬ್ಬರನ್ನೊಬ್ಬರು ಕಾಣದಿರುವುದೇ ಪ್ರಶ್ನೆಯ ಮೂಲ.

೩

ವಿಚಾರಕ್ಕೆ ಆಧಾರವಾಗಿ ಲೋಕಪ್ರಸಿದ್ಧವಾದ ಕೆಲವು ಪ್ರಸಂಗಗಳನ್ನು ಪರಿಶೀಲಿಸೋಣ.

ಮೊದಲನೆಯದು ಅಟ್ಲಾಸಿಯನ್ ಕಂಪನಿಯದು. ೨೦೨೨ರ ಏಪ್ರಿಲ್ ೫ರಂದು ಆ ಕಂಪನಿಯವರು ತಮ್ಮ ಹಳೆಯ ಅಪ್ಲಿಕೇಶನ್ನೊಂದನ್ನು ಗಿರಾಕಿಗಳ ನಿವೇಶನಗಳಿಂದ ತೆಗೆಯಲು ಒಂದು ಸ್ಕ್ರಿಪ್ಟನ್ನು ನಡೆಸಿದರು. ಅಳಿಸಬೇಕಾದುದು ಅಪ್ಲಿಕೇಶನ್, ಆದರೆ ಪಟ್ಟಿಯಲ್ಲಿ ಕೊಟ್ಟುದು ಅಪ್ಲಿಕೇಶನ್ನುಗಳ ಗುರುತಿನ ಸಂಖ್ಯೆಗಳನ್ನಲ್ಲ, ಅವು ನೆಲೆಸಿದ್ದ ಇಡಿಯ ನಿವೇಶನಗಳ ಗುರುತಿನ ಸಂಖ್ಯೆಗಳನ್ನು. ಅಳಿಸುವ ವ್ಯವಸ್ಥೆಯು ಎರಡು ಬಗೆಯ ಸಂಖ್ಯೆಗಳನ್ನೂ ಸ್ವೀಕರಿಸುವಂಥದಾಗಿತ್ತು. ಕೊಟ್ಟುದು ಸರಿಯೆಂದೇ ನಂಬಿತು. ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಅರ್ಧಗಂಟೆಯೊಳಗೆ ೭೭೫ ಗಿರಾಕಿಗಳ ೮೮೩ ನಿವೇಶನಗಳು ಅಳಿದುಹೋದವು. ಎಲ್ಲವನ್ನೂ ಮರಳಿ ಕಟ್ಟಿಕೊಡಲು ಏಪ್ರಿಲ್ ೧೮ರವರೆಗೆ ಹಿಡಿಯಿತು.

ಇದರ ಸ್ವರೂಪವು ಶಿರಗುಪ್ಪಿಯ ಒಕ್ಕಲಿಗನಿಗೆ ಕೂಡಲೇ ತಿಳಿಯುವಂಥದು. ಸರ್ವೆ ನಂಬರು ಬೇರೆ, ಅದರೊಳಗಿನ ಹಿಸ್ಸಾ ನಂಬರು ಬೇರೆ. ಒಂದು ಸರ್ವೆ ನಂಬರಿನಲ್ಲಿ ನಾಲ್ವರು ಅಣ್ಣತಮ್ಮಂದಿರ ಹಿಸ್ಸೆಗಳಿರುತ್ತವೆ. ಒಬ್ಬನ ಹಿಸ್ಸೆಯ ಮೇಲಿನ ನಮೂದನ್ನು ಕಡಿಮೆ ಮಾಡಲು ಹೋಗಿ ಇಡಿಯ ಸರ್ವೆ ನಂಬರನ್ನು ಬರೆದರೆ ನಾಲ್ವರೂ ಹೊಲಗೇಡಿಗಳಾಗುತ್ತಾರೆ. ತಲಾಟಿಯ ಕಣ್ಣು ಅಲ್ಲಿ ತಡೆದೀತು. ಏಕೆಂದರೆ ಆತನಿಗೆ ಆ ನಾಲ್ವರ ಮುಖಗಳೂ ಗೊತ್ತು. ಸ್ಕ್ರಿಪ್ಟಿಗೆ ಸಂಖ್ಯೆ ಗೊತ್ತು, ಮುಖ ಗೊತ್ತಿಲ್ಲ.

ಎರಡನೆಯದು ಆಸ್ಟ್ರೇಲಿಯದ ನಿವೃತ್ತಿನಿಧಿ ಸಂಸ್ಥೆಯಾದ ಯೂನಿಸೂಪರಿನದು. ೨೦೨೪ರ ಮೇ ತಿಂಗಳಿನಲ್ಲಿ ಆ ಸಂಸ್ಥೆಗೆ ಗೂಗಲ್ ಕ್ಲೌಡ್ ಒದಗಿಸಿದ್ದ ಖಾಸಗಿ ವ್ಯವಸ್ಥೆಯೇ ಅಳಿದುಹೋಯಿತು. ಕಾರಣವೇನೆಂದರೆ, ಅದನ್ನು ಹೂಡುವಾಗ ಒಳಗಿನ ಉಪಕರಣವೊಂದರಲ್ಲಿ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟುದಕ್ಕೆ ಆ ಉಪಕರಣವು ‘ಒಂದು ವರ್ಷದ ಅವಧಿ’ ಎಂದು ತಾನೇ ಅರ್ಥಮಾಡಿಕೊಂಡಿತು. ವರ್ಷ ತುಂಬಿತು, ಅಳಿಸಿತು. ಗಿರಾಕಿಯು ಅಳಿಸೆಂದು ಕೇಳಿದ್ದರೆ ಹೋಗಬೇಕಾಗಿದ್ದ ಮುನ್ಸೂಚನೆಯೂ ಹೋಗಲಿಲ್ಲ. ಏಕೆಂದರೆ ಗಿರಾಕಿಯು ಕೇಳಿರಲೇ ಇಲ್ಲ. ಅರ್ಧ ಮಿಲಿಯಕ್ಕೂ ಮಿಕ್ಕಿದ ಸದಸ್ಯರು ದಿನಗಟ್ಟಲೆ ತಮ್ಮ ಖಾತೆಗಳನ್ನು ಕಾಣಲಾರದೆ ಹೋದರು. ಸಂಸ್ಥೆಯು ಬೇರೊಂದು ಕಂಪನಿಯಲ್ಲಿಯೂ ಪ್ರತಿಗಳನ್ನು ಇಟ್ಟಿದ್ದುದು ಮರಳಿ ಕಟ್ಟುವ ಕೆಲಸಕ್ಕೆ ಬಹಳ ನೆರವಾಯಿತು.

ಮೂರನೆಯ ಪ್ರಸಂಗದಲ್ಲಿ ಏಜೆಂಟೇ ಪಾತ್ರಧಾರಿ. ೨೦೨೫ರ ಜುಲೈಯಲ್ಲಿ ಅಮೆರಿಕದ ಉದ್ಯಮಿಯೊಬ್ಬರು ರೆಪ್ಲಿಟ್ ಕಂಪನಿಯ ಏಜೆಂಟಿನಿಂದ ಒಂದು ಅಪ್ಲಿಕೇಶನ್ನನ್ನು ಕಟ್ಟಿಸುತ್ತಿದ್ದರು. ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಿದ್ದಾಗಲೂ ಏಜೆಂಟು ಬಳಕೆಯಲ್ಲಿದ್ದ ದತ್ತಕೋಶವನ್ನು ಅಳಿಸಿಬಿಟ್ಟಿತು. ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಕಂಪನಿಗಳ ವಿವರಗಳಿದ್ದವು. ಅಷ್ಟೇ ಅಲ್ಲ, ಹಿಂದಿನ ಸ್ಥಿತಿಗೆ ಮರಳುವುದು ಸಾಧ್ಯವಿಲ್ಲವೆಂದು ಏಜೆಂಟು ಹೇಳಿತು. ಪ್ರಯತ್ನಿಸಿದಾಗ ಅದು ಸಾಧ್ಯವಾಯಿತು. ಬಳಿಕ ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಪ್ರಯೋಗದ ದತ್ತಕೋಶವನ್ನೂ ಬಳಕೆಯ ದತ್ತಕೋಶವನ್ನೂ ಬೇರೆ ಬೇರೆ ಮಾಡುವ ಕ್ರಮವನ್ನು ಪ್ರಕಟಿಸಿದರು.

ಈ ಮೂರರಿಂದ ಮೂರು ನಿರ್ಣಯಗಳು ಹೊರಡುತ್ತವೆ. ಅಟ್ಲಾಸಿಯನ್ ಪ್ರಸಂಗದಲ್ಲಿ ಕೆಟ್ಟುದು ಗುರುತು. ಯೂನಿಸೂಪರ್ ಪ್ರಸಂಗದಲ್ಲಿ ಕೆಟ್ಟುದು ಮೌನಕ್ಕೆ ಕೊಟ್ಟ ಅರ್ಥ. ರೆಪ್ಲಿಟ್ ಪ್ರಸಂಗದಲ್ಲಿ ಕೆಟ್ಟುದು ನಿಷೇಧದ ಬಲ. ಬಾಯಿಮಾತಿನ ನಿಷೇಧವು ಏಜೆಂಟಿಗೆ ಓದಬೇಕಾದ ಪಠ್ಯದ ಒಂದು ಭಾಗ ಮಾತ್ರ, ಅದು ಬೀಗವಲ್ಲ. ಬೀಗವು ಬೇಕಾದಲ್ಲಿ ಮಾತನ್ನಿಟ್ಟರೆ ಮಾತು ಮೀರುತ್ತದೆ.

೪

ಇನ್ನು ಪ್ರಚಲಿತ ರಕ್ಷಣೋಪಾಯಗಳ ಗುಣದೋಷಗಳನ್ನು ನೋಡಬೇಕು.

ಅತ್ಯಂತ ಪ್ರಸಿದ್ಧವಾದುದು ಹೆಸರನ್ನು ಬರೆಯಿಸುವ ಉಪಾಯ. ಹೆರೋಕು ಎಂಬ ವ್ಯವಸ್ಥೆಯಲ್ಲಿ ಅಪ್ಲಿಕೇಶನ್ನನ್ನು ನಾಶಗೊಳಿಸಬೇಕಾದರೆ ಅದರ ಹೆಸರನ್ನು ಮತ್ತೊಮ್ಮೆ ಅಕ್ಷರಶಃ ಬರೆಯಬೇಕು. ಗಿಟ್‌ಹಬ್ಬಿನಲ್ಲಿಯೂ ಭಂಡಾರವೊಂದನ್ನು ಅಳಿಸುವಾಗ ಹೀಗೆಯೇ. ಈ ಉಪಾಯದ ಬಲ ಎಲ್ಲಿದೆ? ಮನುಷ್ಯನ ಬೆರಳಿನ ನಿಧಾನದಲ್ಲಿದೆ. ಒಂದೊಂದು ಅಕ್ಷರವನ್ನೂ ಒತ್ತುವಾಗ ಕಣ್ಣು ಹೆಸರನ್ನು ಓದುತ್ತದೆ. ಓದುವಾಗ ಮನಸ್ಸು ‘ಇದೇ ಹೌದೇ?’ ಎಂದು ಕೇಳುತ್ತದೆ. ಏಜೆಂಟಿನ ವಿಷಯದಲ್ಲಿ ಈ ಬಲವು ಪೂರ್ತಿ ಇಲ್ಲದಂತಾಗುತ್ತದೆ. ಅಳಿಸುವ ಹೆಸರನ್ನು ಆರಿಸಿದ ಏಜೆಂಟೇ ದೃಢೀಕರಣದ ಹೆಸರನ್ನೂ ತುಂಬುತ್ತದೆ. ತಪ್ಪು ಹೆಸರನ್ನು ಆರಿಸಿದ್ದರೆ ಅದೇ ತಪ್ಪು ಹೆಸರನ್ನು ಅಕ್ಷರ ತಪ್ಪದೆ ಎರಡನೆಯ ಸಲವೂ ಬರೆಯುತ್ತದೆ. ಅರ್ಜಿದಾರನ ಸಹಿಯನ್ನೂ ಸಾಕ್ಷಿಯ ಸಹಿಯನ್ನೂ ಒಬ್ಬನೇ ಮಾಡಿದಂತೆ ಇದು. ಸಾಕ್ಷಿ ಎಂಬ ಹೆಸರು ಉಳಿಯಿತು; ಸಾಕ್ಷ್ಯ ಉಳಿಯಲಿಲ್ಲ.

ಎರಡನೆಯದು ಉಪಕರಣಗಳಿಗೆ ಗುರುತು ಹಚ್ಚುವ ಉಪಾಯ. ಮೇಲೆ ಹೇಳಿದ ಪ್ರೊಟೊಕಾಲಿನಲ್ಲಿ ೨೦೨೫ರಿಂದ ಪ್ರತಿಯೊಂದು ಉಪಕರಣಕ್ಕೂ ‘ಇದು ಓದುವುದು ಮಾತ್ರ’, ‘ಇದು ವಿನಾಶಕಾರಿಯಾಗಬಹುದು’ ಎಂಬಂಥ ಸೂಚನೆಗಳನ್ನು ಲಗತ್ತಿಸುವ ಏರ್ಪಾಡಿದೆ. ಏನನ್ನೂ ಹೇಳದಿದ್ದರೆ ಉಪಕರಣವನ್ನು ವಿನಾಶಕಾರಿಯೆಂದೇ ಭಾವಿಸಬೇಕೆಂಬ ನಿಯಮವು ಅಭಿನಂದನಾರ್ಹವಾಗಿದೆ. ಯೂನಿಸೂಪರ್ ಪ್ರಸಂಗದಲ್ಲಿ ಮೌನಕ್ಕೆ ನಾಶದ ಅರ್ಥ ಬಂದಿತ್ತು. ಇಲ್ಲಿ ಮೌನಕ್ಕೆ ಎಚ್ಚರದ ಅರ್ಥ ಬಂದಿದೆ. ಆದರೆ ಇವು ಸೂಚನೆಗಳು ಮಾತ್ರ, ಪ್ರಮಾಣಗಳಲ್ಲ. ನಂಬಿಕೆಗೆ ಅರ್ಹವಲ್ಲದ ಕಡೆಯಿಂದ ಬಂದ ಸೂಚನೆಯನ್ನು ನೆಚ್ಚಬಾರದೆಂದು ಆ ಒಡಂಬಡಿಕೆಯೇ ಹೇಳುತ್ತದೆ. ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ನೋಡಿ ಒಳಗಿನ ಕೃತಿಯನ್ನು ನಿರ್ಣಯಿಸಲಾಗದು.

ಮೂರನೆಯದು ಮನುಷ್ಯನ ಅನುಮತಿ ಕೇಳುವ ಉಪಾಯ. ಇದು ಎಲ್ಲಕ್ಕಿಂತ ಶ್ರೇಷ್ಠವೆಂದು ಸಾಮಾನ್ಯ ಅಭಿಪ್ರಾಯ. ನಮಗೆ ಇದರಲ್ಲಿ ಸಂಶಯವಿದೆ. ದಿನಕ್ಕೆ ನೂರು ಸಲ ‘ಅನುಮತಿಸುವಿರಾ?’ ಎಂದು ಕೇಳಿಸಿಕೊಂಡವನು ನೂರೊಂದನೆಯ ಸಲ ಪ್ರಶ್ನೆಯನ್ನು ಓದುವುದಿಲ್ಲ. ಕಡತದ ತುದಿಯಲ್ಲಿ ಸಹಿ ಹಾಕುವ ಅಧಿಕಾರಿಯ ಕೈಗೆ ಆಗುವ ಗತಿಯೇ ಇಲ್ಲಿಯೂ ಆಗುತ್ತದೆ. ಪಟ್ಟಿಯನ್ನು ಓದುವುದಕ್ಕೂ ನಾಶಗೊಳಿಸುವುದಕ್ಕೂ ಒಂದೇ ಸ್ವರದಲ್ಲಿ ಅನುಮತಿ ಕೇಳುವ ವ್ಯವಸ್ಥೆಯು ಅನುಮತಿಯ ಬೆಲೆಯನ್ನು ತಾನೇ ಇಳಿಸುತ್ತದೆ. ಅಲ್ಲದೆ, ಅನುಮತಿಯು ಯಾವುದಕ್ಕೆ ಎಂಬುದು ನಿಖರವಾಗಿರಬೇಕು. ‘ಹಳೆಯವನ್ನು ತೆಗೆ’ ಎಂಬುದಕ್ಕೆ ಕೊಟ್ಟ ಒಪ್ಪಿಗೆಯು ಏಜೆಂಟು ಆಮೇಲೆ ‘ಹಳೆಯವು’ ಎಂದು ನಿರ್ಣಯಿಸಿಕೊಂಡ ಹನ್ನೆರಡು ಅಪ್ಲಿಕೇಶನ್ನುಗಳಿಗೆ ಒಪ್ಪಿಗೆಯಾಗಲಾರದು.

ನಾಲ್ಕನೆಯದು ಕಾಲಾವಕಾಶದ ಉಪಾಯ. ಗೂಗಲ್ ಕ್ಲೌಡಿನಲ್ಲಿ ಗಿರಾಕಿಯೇ ಮುಚ್ಚಿದ ಯೋಜನೆಯು ಒಡನೆ ನಾಶವಾಗುವುದಿಲ್ಲ. ೩೦ ದಿನಗಳ ಅವಧಿಯಲ್ಲಿ ಅದನ್ನು ಮರಳಿ ಪಡೆಯಬಹುದು. ಅಜೂರಿನಲ್ಲಿ ಸಂಪನ್ಮೂಲದ ಮೇಲೆ ಅಳಿಸಕೂಡದೆಂಬ ಬೀಗವನ್ನು ಹಾಕಬಹುದು. ಬೀಗವನ್ನು ತೆಗೆಯದೆ ಅಳಿಸುವ ಆಜ್ಞೆಯು ಸಾಗದು. ಅಮೆಜಾನಿನ ದತ್ತಕೋಶಗಳಲ್ಲಿಯೂ ಅಳಿಸುವಿಕೆಯನ್ನು ತಡೆಯುವ ಏರ್ಪಾಡುಂಟು; ಅಳಿಸುವ ಮೊದಲು ಕೊನೆಯ ಪ್ರತಿಯೊಂದನ್ನು ತೆಗೆದಿಡುವ ಅವಕಾಶವೂ ಉಂಟು. ಈ ವರ್ಗದ ಉಪಾಯಗಳು ನಮ್ಮ ದೃಷ್ಟಿಯಲ್ಲಿ ಮೇಲಾದವು. ಇವು ಅಳಿಸುವವನ ಎಚ್ಚರವನ್ನು ಅವಲಂಬಿಸಿಲ್ಲ. ವಸ್ತುವಿನ ಸ್ಥಿತಿಯನ್ನೇ ಅವಲಂಬಿಸಿವೆ. ಅಳಿಸುವವನು ಮನುಷ್ಯನೇ ಆಗಿರಲಿ ಏಜೆಂಟೇ ಆಗಿರಲಿ, ಬೀಗಕ್ಕೆ ಭೇದವಿಲ್ಲ. ಒಂದು ಷರತ್ತು ಮಾತ್ರ ಅವಶ್ಯ: ಬೀಗದ ಕೈ ಅಳಿಸುವವನ ಸೊಂಟದಲ್ಲಿಯೇ ಇರಬಾರದು. ಅಳಿಸುವ ಅಧಿಕಾರವನ್ನೂ ಬೀಗ ತೆಗೆಯುವ ಅಧಿಕಾರವನ್ನೂ ಒಂದೇ ಗುಪ್ತಚೀಟಿಯಲ್ಲಿ ಏಜೆಂಟಿಗೆ ಕೊಟ್ಟವನು ಬೀಗವನ್ನು ಹಾಕಿಲ್ಲವೆಂದೇ ತಿಳಿಯಬೇಕು.

ಇದಕ್ಕೆ ಕೂಡಿಕೊಂಡಂತೆ ಬ್ಯಾಕಪ್ಪಿನ ವಿಷಯ. ಪ್ರತಿ ಇದೆಯೆಂಬ ನಂಬಿಕೆಯೇ ಅಳಿಸುವ ಕೈಗೆ ಧೈರ್ಯ ಕೊಡುವುದು. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಒಂದು ಸರ್ವರೆಂದು ತಿಳಿದು ಇನ್ನೊಂದರ ಮೇಲೆ ಅಳಿಸುವ ಆಜ್ಞೆಯನ್ನು ಕೊಟ್ಟರು. ಸುಮಾರು ೩೦೦ ಗಿಗಾಬೈಟಿನ ದತ್ತವು ಕೆಲವೇ ಕ್ಷಣಗಳಲ್ಲಿ ಬಹುಪಾಲು ಹೋಯಿತು. ಐದು ಬಗೆಯ ಪ್ರತಿವ್ಯವಸ್ಥೆಗಳಿದ್ದರೂ ಯಾವುದೂ ನೆಚ್ಚುವಂತಿರಲಿಲ್ಲವೆಂಬುದು ಆಗ ಗೊತ್ತಾಯಿತು. ಆರು ತಾಸಿನ ಹಿಂದೆ ಬೇರೊಂದು ಕಾರಣಕ್ಕಾಗಿ ಕೈಯಾರೆ ತೆಗೆದ ಪ್ರತಿಯೊಂದು ಅವರನ್ನು ಉಳಿಸಿತು. ಮರಳಿ ಕಟ್ಟಿ ನೋಡದ ಬ್ಯಾಕಪ್ಪು, ಪೆಟ್ಟಿಗೆ ತೆರೆದು ನೋಡದ ಓಲೆಗರಿಯ ಕಟ್ಟಿನಂತೆ: ಹುಳು ತಿಂದಿದೆಯೋ ಇಲ್ಲವೋ ಎಂಬುದು ಬಿಚ್ಚಿದ ದಿನವೇ ಗೊತ್ತು.

೫

ಏಜೆಂಟಿಗೆ ವಿಶಿಷ್ಟವಾದ ಇನ್ನೊಂದು ದೋಷವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಹಳೆಯ ಓಲೆಗರಿಗಳಲ್ಲಿ ಓದುಗನೊಬ್ಬನು ಅಂಚಿನಲ್ಲಿ ತನ್ನ ಟಿಪ್ಪಣಿಯನ್ನು ಬರೆದಿಡುತ್ತಾನೆ. ಮುಂದೆ ಆ ಗರಿಯನ್ನು ಪ್ರತಿಮಾಡುವ ಲಿಪಿಕಾರನು ಟಿಪ್ಪಣಿಯನ್ನು ಮೂಲದ ಭಾಗವೆಂದು ತಿಳಿದು ಒಳಗೆ ಸೇರಿಸಿಬಿಡುತ್ತಾನೆ. ಪ್ರಕ್ಷಿಪ್ತವು ಹುಟ್ಟುವ ದಾರಿಗಳಲ್ಲಿ ಇದೊಂದೆಂಬುದು ಸಂಪಾದಕರಿಗೆ ಸುಪರಿಚಿತ. ಏಜೆಂಟಿಗೆ ಬರುವ ಆಪತ್ತು ಇದೇ ಜಾತಿಯದು. ಅದು ಕೆಲಸ ಮಾಡುವಾಗ ಕಡತಗಳನ್ನೂ ದಿನಚರಿಗಳನ್ನೂ ಅನ್ಯರು ಬರೆದ ಟೀಕೆಗಳನ್ನೂ ಓದುತ್ತದೆ. ಅವುಗಳಲ್ಲಿ ಯಾರೋ ‘ಈ ಅಪ್ಲಿಕೇಶನ್ನನ್ನು ಅಳಿಸು’ ಎಂದು ಬರೆದಿಟ್ಟರೆ, ಅದು ಓದಬೇಕಾದ ಮಾತೋ ಪಾಲಿಸಬೇಕಾದ ಆಜ್ಞೆಯೋ ಎಂಬ ವಿವೇಕವನ್ನು ಏಜೆಂಟು ತಪ್ಪದೆ ಮಾಡೀತೆಂಬ ಭರವಸೆ ಇಂದಿಗೂ ಇಲ್ಲ. ಒಡೆಯನ ಮಾತೂ ಅಂಚಿನ ಮಾತೂ ಅದರ ಮುಂದೆ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ.

ಲಿಪಿಕಾರನು ಮಾಡಿದ ಪ್ರಕ್ಷೇಪದಿಂದ ಕಾವ್ಯಕ್ಕೆ ಎರಡು ಪದ್ಯಗಳು ಹೆಚ್ಚಾದಾವು. ಸಂಪಾದಕನು ಆಮೇಲೆ ಅವನ್ನು ಬೇರ್ಪಡಿಸಬಹುದು. ಏಜೆಂಟು ಅಂಚಿನ ಮಾತನ್ನು ಆಜ್ಞೆಯೆಂದು ತಿಳಿದರೆ ಕಾವ್ಯವೇ ಇಲ್ಲವಾದೀತು. ಆದುದರಿಂದ ಅಳಿಸುವ ಆಜ್ಞೆಯು ಎಲ್ಲಿಂದ ಬಂದಿತೆಂಬ ಮೂಲದ ಪರೀಕ್ಷೆಯು ಏಜೆಂಟಿನ ಒಳಗಲ್ಲ, ಅದರ ಹೊರಗೆ, ಅದರ ಓದಿಗೆ ಸಿಗದ ಸ್ಥಳದಲ್ಲಿ ನಡೆಯಬೇಕೆಂದು ನಾವು ಅಭಿಪ್ರಾಯಪಡುತ್ತೇವೆ.

೬

ಹಾಗಾದರೆ ಸುರಕ್ಷಿತವಾಗಿ ಅಳಿಸುವುದೆಂದರೇನು? ಇದಕ್ಕೆ ಹೊಸ ಶಾಸ್ತ್ರವನ್ನು ಕಟ್ಟಬೇಕಾದ ಅಗತ್ಯವಿಲ್ಲ. ಎರಡು ಹಳೆಯ ಶಾಸ್ತ್ರಗಳು ಉತ್ತರವನ್ನು ಬಹಳ ಮಟ್ಟಿಗೆ ಸಿದ್ಧಪಡಿಸಿಟ್ಟಿವೆ.

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಪೂರ್ತಿಗೊಳಿಸಿದ ಮಹಾಭಾರತದ ಪರಿಷ್ಕರಣವನ್ನು ನೋಡಿರಿ. ವಿ. ಎಸ್. ಸುಕ್ತಂಕರರೂ ಅವರ ಉತ್ತರಾಧಿಕಾರಿಗಳೂ ೧,೨೫೯ ಹಸ್ತಪ್ರತಿಗಳ ಆಧಾರದಿಂದ ಸಾವಿರಾರು ಸಾಲುಗಳನ್ನು ಮೂಲದಿಂದ ಕೈಬಿಟ್ಟರು. ಆದರೆ ಕೈಬಿಟ್ಟ ಒಂದು ಸಾಲೂ ಕಳೆದುಹೋಗಲಿಲ್ಲ. ಚಿಕ್ಕವು ನಕ್ಷತ್ರಚಿಹ್ನೆಯ ಸಂಖ್ಯೆಯೊಡನೆ ಪುಟದ ಕೆಳಗೆ ನಿಂತವು. ದೊಡ್ಡವು ಅನುಬಂಧಕ್ಕೆ ಹೋದವು. ಯಾವ ಪ್ರತಿಗಳಲ್ಲಿ ಅವು ಇವೆಯೆಂಬುದೂ ಅಲ್ಲಿಯೇ ನಮೂದಾಯಿತು. ಸಂಪಾದಕರ ನಿರ್ಣಯವು ತಪ್ಪೆಂದು ತೋರಿದ ಓದುಗನು ಇಂದಿಗೂ ಆ ಸಾಲನ್ನು ಮೇಲಕ್ಕೆತ್ತಿ ಓದಬಹುದು. ಪಾಣಿನಿ ಹೇಳಿದ ಅರ್ಥದಲ್ಲಿ ಇದು ಲೋಪ: ಮೂಲದಲ್ಲಿ ಕಾಣದು, ಗ್ರಂಥದಲ್ಲಿ ಇದೆ.

ಎರಡನೆಯ ಶಾಸ್ತ್ರವು ಭೂಕಂದಾಯದ್ದು. ಧಾರವಾಡ ಜಿಲ್ಲೆಯು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟುದರಿಂದ ಅಲ್ಲಿಯ ಹಕ್ಕುದಾಖಲೆಯ ಪದ್ಧತಿಯೂ ಶಬ್ದಗಳೂ ಇಲ್ಲಿ ಬೇರೂರಿದವು. ಉತಾರ, ಫೇರಫಾರು, ಬೋಜಾ ಎಂಬ ಮಾತುಗಳು ಇಂದಿಗೂ ಒಕ್ಕಲಿಗನ ಬಾಯಲ್ಲಿವೆ. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೧೨೯ನೆಯ ಪ್ರಕರಣವು ಹಕ್ಕಿನ ಬದಲಾವಣೆಯನ್ನು ದಾಖಲಿಸುವ ಕ್ರಮವನ್ನು ಹೇಳುತ್ತದೆ. ಬದಲಾವಣೆಯ ನಮೂದನ್ನು ಮಾಡಿದ ಕೂಡಲೇ ಅದರ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಎದ್ದುಕಾಣುವ ಸ್ಥಳದಲ್ಲಿ ಅಂಟಿಸಬೇಕು. ಹಿತಾಸಕ್ತಿಯುಳ್ಳವರೆಂದು ದಾಖಲೆಯಿಂದ ಕಂಡುಬರುವ ಎಲ್ಲರಿಗೂ ಲಿಖಿತ ತಿಳಿವಳಿಕೆ ಕೊಡಬೇಕು. ತಕರಾರು ಬಂದರೆ ಅದನ್ನು ವಿವಾದಗಳ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು, ವಿಚಾರಿಸಿ ನಿರ್ಣಯ ಕೊಡಬೇಕು. ಯಾವ ಫೇರಫಾರಿನಿಂದ ಹೆಸರು ಬಂದಿತೆಂಬ ಸಂಖ್ಯೆಯು ಉತಾರದಲ್ಲಿ ಉಳಿಯುತ್ತದೆ. ಆ ಸಂಖ್ಯೆಯ ಜಾಡಿನಿಂದ ಹಿಂದಿನ ಹೆಸರಿಗೆ ತಲುಪಬಹುದು.

ಈ ಕ್ರಮದಲ್ಲಿ ಎಲ್ಲಕ್ಕಿಂತ ಮಿಗಿಲಾದ ಗುಣವೆಂದರೆ, ಅನುಮತಿಯನ್ನು ಕೇಳುವುದು ಅಧಿಕಾರಿಯನ್ನು ಮಾತ್ರವಲ್ಲ. ಯಾರ ಹೆಸರು ಹೋಗುತ್ತದೆಯೋ ಅವನಿಗೆ ಮಾತಾಡುವ ಅವಕಾಶವಿದೆ. ಇಂದಿನ ಉಪಕರಣಗಳು ‘ನಿಮಗೆ ಒಪ್ಪಿಗೆಯೇ?’ ಎಂದು ಅಳಿಸಲು ಹೇಳಿದವನನ್ನೇ ಕೇಳುತ್ತವೆ. ಆತನಿಗೆ ಒಪ್ಪಿಗೆಯಿರುವುದು ಸಹಜ, ಹೇಳಿದವನೇ ಆತನಲ್ಲವೇ? ಕೇಳಬೇಕಾದುದು ಆ ಅಪ್ಲಿಕೇಶನ್ನನ್ನು ನಂಬಿದವರನ್ನು.

ಇವೆರಡನ್ನೂ ಕೂಡಿಸಿ ನೋಡಿದರೆ ಏಜೆಂಟಿನ ಅಳಿಸುವ ಉಪಕರಣಕ್ಕೆ ಒಂದು ಕ್ರಮವು ಹೊಂದಿಬರುತ್ತದೆ. ಮೊದಲು ಗುರುತು: ಹೆಸರು ಮಾತ್ರವಲ್ಲ, ಸಂಖ್ಯೆ, ಒಡೆಯ, ಪ್ರಯೋಗದ್ದೋ ಬಳಕೆಯದ್ದೋ ಎಂಬ ವಿವರ, ಈ ನಾಲ್ಕೂ ಹೊಂದಬೇಕು, ನಿವೇಶನದ ಸಂಖ್ಯೆ ಬಂದಲ್ಲಿ ಅಪ್ಲಿಕೇಶನ್ನಿನ ಉಪಕರಣವು ಅದನ್ನು ನಿರಾಕರಿಸಬೇಕು. ಎರಡನೆಯದು ಅವಲಂಬನೆಯ ಶೋಧ: ಯಾವ ದತ್ತಕೋಶ, ಯಾವ ಡೊಮೈನು, ಯಾವ ನಿತ್ಯಕಾರ್ಯ, ಯಾವ ಅನ್ಯ ಅಪ್ಲಿಕೇಶನ್ನು ಇದನ್ನು ನೆಚ್ಚಿದೆ ಎಂಬ ಪಟ್ಟಿ. ಮೂರನೆಯದು ಅಳಿಸದೆ ತೋರಿಸುವುದು: ಆಜ್ಞೆ ಕೊಟ್ಟರೆ ಏನೇನು ಹೋದೀತೆಂಬುದನ್ನು ಮೊದಲು ಬರೆದು ಮುಂದಿಡಬೇಕು, ಮನುಷ್ಯನ ಒಪ್ಪಿಗೆಯು ಆ ಬರೆಹಕ್ಕೆ ಮಾತ್ರ, ಗೊತ್ತಾದ ಕಾಲದವರೆಗೆ ಮಾತ್ರ. ನಾಲ್ಕನೆಯದು ಪ್ರತಿ: ಬೇರೆ ಸ್ಥಳದಲ್ಲಿ, ಮರಳಿ ಕಟ್ಟಿ ನೋಡಿದ ಪ್ರತಿ. ಐದನೆಯದು ಲೋಪ: ಅಪ್ಲಿಕೇಶನ್ನನ್ನು ನಿಲ್ಲಿಸುವುದು, ಬಂದವರಿಗೆ ‘ಇದು ಇಂಥ ದಿನ ಇಲ್ಲವಾಗುವುದು, ತಕರಾರಿದ್ದರೆ ತಿಳಿಸಿರಿ’ ಎಂಬ ಚಾವಡಿಯ ನೋಟೀಸನ್ನು ತೋರಿಸುವುದು. ಆರನೆಯದು, ಅವಧಿ ಮುಗಿದು ತಕರಾರು ಬಾರದಿದ್ದಾಗ ಮಾತ್ರ, ನಾಶ. ಐದರವರೆಗೆ ಏಜೆಂಟಿನ ಕೈ ಸಾಗಬಹುದು. ಆರನೆಯದಕ್ಕೆ ಬೇಕಾದ ಕೈ ಅದರ ಬಳಿ ಇರಕೂಡದು. ಕೊನೆಯದಾಗಿ, ಯಾರ ಮಾತಿನಿಂದ, ಯಾವಾಗ, ಏನು ಹೋಯಿತೆಂಬ ಫೇರಫಾರಿನ ನಮೂದು. ಅದನ್ನು ಏಜೆಂಟು ತಿದ್ದಲು ಬರಬಾರದು.

೭

ಇದರ ವಿರುದ್ಧ ಒಂದು ಬಲವಾದ ಆಕ್ಷೇಪವುಂಟು. ಅದನ್ನು ಅಲಕ್ಷಿಸುವುದು ನ್ಯಾಯವಲ್ಲ. ಇಷ್ಟು ಕಟ್ಟುಪಾಡುಗಳನ್ನು ಹಾಕಿದರೆ ಯಾರೂ ಏನನ್ನೂ ಅಳಿಸುವುದಿಲ್ಲ, ಅಳಿಸದಿರುವುದೂ ಅಪಾಯವೇ. ಬಿಟ್ಟುಹೋದ ಅಪ್ಲಿಕೇಶನ್ನು ಬಾಡಿಗೆಯನ್ನು ತಿನ್ನುತ್ತಿರುತ್ತದೆ. ದುರಸ್ತಿಯಿಲ್ಲದ್ದರಿಂದ ಕಳ್ಳರಿಗೆ ಬಾಗಿಲಾಗುತ್ತದೆ. ಜನರ ಖಾಸಗಿ ವಿವರಗಳನ್ನು ಕಾರಣವಿಲ್ಲದೆ ಹಿಡಿದಿಟ್ಟುಕೊಳ್ಳುತ್ತದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಉದ್ದೇಶವು ತೀರಿದ ಮೇಲೆ ಇಂಥ ವಿವರಗಳನ್ನು ಅಳಿಸಬೇಕೆಂದೇ ವಿಧಿಸುತ್ತದೆ. ಬೇರೊಂದು ಕಾನೂನು ಇಡಲು ಹೇಳಿದ್ದರೆ ಮಾತು ಬೇರೆ. ಉತಾರದಲ್ಲಿ ತೀರಿಕೊಂಡ ಅಜ್ಜನ ಹೆಸರು ಉಳಿದು ಮೊಮ್ಮಕ್ಕಳಿಗೆ ಸಾಲ ಹುಟ್ಟದಿರುವುದನ್ನೂ, ಪೌತಿ ಖಾತೆಗಾಗಿ ವರ್ಷಗಟ್ಟಲೆ ಅಲೆಯುವುದನ್ನೂ ಕಂಡವರು ಅಳಿಸದಿರುವುದನ್ನೇ ಪುಣ್ಯವೆನ್ನಲಾರರು.

ಆಕ್ಷೇಪವು ಯುಕ್ತವಾದುದು, ಆದರೆ ಅದು ಮೇಲಿನ ಕ್ರಮವನ್ನು ಖಂಡಿಸುವುದಿಲ್ಲ, ಪೂರ್ತಿಗೊಳಿಸುತ್ತದೆ. ಲೋಪವೇ ಕೊನೆಯಲ್ಲ, ಅವಧಿಯ ಬಳಿಕ ನಾಶವು ನಿಜವಾಗಿಯೂ ಆಗಬೇಕು; ಪ್ರತಿಗಳಿಗೂ ಅದೇ ನಿಯಮ. ಅರ್ಧಮರ್ಧ ಅಳಿಸುವಿಕೆಯು ಎರಡರಲ್ಲಿಯೂ ಕೆಟ್ಟುದು. ಅಪ್ಲಿಕೇಶನ್ನನ್ನು ಅಳಿಸಿ ಅದರತ್ತ ಬೆರಳು ಮಾಡುವ ಡೊಮೈನಿನ ನಮೂದನ್ನು ಹಾಗೆಯೇ ಬಿಟ್ಟರೆ, ಬೇರೊಬ್ಬನು ಆ ಬರಿದಾದ ಸ್ಥಳವನ್ನು ಹಿಡಿದು ಹಳೆಯ ಹೆಸರಿನಲ್ಲಿಯೇ ತನ್ನ ಅಂಗಡಿಯನ್ನು ತೆರೆಯಬಹುದು. ಇಂಥ ವಂಚನೆ ನಡೆದಿರುವುದು ಬಲ್ಲವರಿಗೆ ಗೊತ್ತಿದೆ. ಆದುದರಿಂದ ಮೊದಲು ದಾರಿತೋರುವ ನಮೂದು, ಆಮೇಲೆ ಅಪ್ಲಿಕೇಶನ್ನು, ಎಲ್ಲಕ್ಕೂ ಕೊನೆಗೆ ದತ್ತಕೋಶ ಎಂಬ ಅನುಕ್ರಮವನ್ನು ಪಾಲಿಸಬೇಕು. ಅನುಕ್ರಮವನ್ನು ತಪ್ಪದೆ ಪಾಲಿಸುವುದರಲ್ಲಿ, ಮರೆತುಹೋದ ಅವಲಂಬನೆಗಳನ್ನು ಹುಡುಕುವುದರಲ್ಲಿ, ನೋಟೀಸುಗಳನ್ನು ಹಚ್ಚುವುದರಲ್ಲಿ ಏಜೆಂಟು ಮನುಷ್ಯನಿಗಿಂತ ಉತ್ತಮ ಕೆಲಸಗಾರನಾಗಬಲ್ಲದು. ಬೇಸರವಿಲ್ಲದ ಗುಮಾಸ್ತನಾಗಿ ಅದನ್ನು ದುಡಿಸಿಕೊಳ್ಳಬೇಕು. ಆದರೆ ನಿರ್ಣಯ ಕೊಡುವ ಅಧಿಕಾರಿಯ ಸ್ಥಾನದಲ್ಲಿ ಅದನ್ನು ಕೂರಿಸಬಾರದು.

ಒಟ್ಟಿನಲ್ಲಿ, ಅಳಿಸುವ ಉಪಕರಣವನ್ನು ಅದರ ವೇಗದಿಂದಲೂ ಅದು ಕೇಳುವ ಪ್ರಶ್ನೆಗಳ ಸಂಖ್ಯೆಯಿಂದಲೂ ಅಳೆಯುವುದು ಸರಿಯಲ್ಲ. ಅಳಿದುದನ್ನು ಮರಳಿ ತರಲು ಎಷ್ಟು ಕಾಲವಿದೆ, ನಷ್ಟಪಡುವವನಿಗೆ ಮೊದಲೇ ತಿಳಿಯುವ ದಾರಿ ಏನಿದೆ, ಇವೆರಡೇ ಅದರ ನಿಜವಾದ ಒರೆಗಲ್ಲುಗಳು. ಈ ದೃಷ್ಟಿಯಿಂದ ಇಂದಿನ ಉಪಕರಣಗಳಲ್ಲಿ ಮೊದಲನೆಯ ಗುಣವು ಕೆಲವೆಡೆ ಚೆನ್ನಾಗಿ ಬೆಳೆದಿದೆ. ಎರಡನೆಯದು ಇನ್ನೂ ಮೊಳಕೆಯಲ್ಲಿದೆ. ಚಾವಡಿಯ ಗೋಡೆಗೆ ಪ್ರತಿಯನ್ನು ಅಂಟಿಸಬೇಕೆಂದು ಅರುವತ್ತು ವರುಷಗಳ ಹಿಂದೆಯೇ ವಿಧಿಸಿದ ನಾಡಿನಲ್ಲಿ, ಸಾವಿರಾರು ಜನರು ನೆಚ್ಚಿದ ಅಪ್ಲಿಕೇಶನ್ನೊಂದನ್ನು ಯಾರಿಗೂ ತಿಳಿಯದಂತೆ ಅಳಿಸಬಹುದಾದ ಉಪಕರಣವನ್ನು ‘ಸುರಕ್ಷಿತ’ವೆಂದು ಕರೆಯುವುದು ಶಬ್ದದ ದುರುಪಯೋಗವೇ ಸರಿ. ಅರ್ಥವು ಕೆಡದಿದ್ದರೆ ಮಾತ್ರ ಲೋಪ ಎಂಬ ನಮ್ಮ ವ್ಯಾಕರಣದ ಕಟ್ಟಿನಲ್ಲಿ ‘ಅರ್ಥ’ ಎಂಬುದಕ್ಕೆ ಪ್ರಯೋಜನವೆಂಬ ಅರ್ಥವೂ ಉಂಟು. ಯಾರ ಪ್ರಯೋಜನವೆಂದು ವಿಚಾರಿಸುವ ಹೊಣೆಯು ಮನುಷ್ಯನದು. ಅದನ್ನು ಯಾವ ಏಜೆಂಟಿಗೂ ವಹಿಸಲಾಗದು.